ಈ ವರ್ಷ ಸಿನಾನ್‌ನದ್ದು

ಜೂನ್ ಬಂತೆಂದರೆ ಫಿಂಟಾಸ್‌ನಲ್ಲಿರುವ ರೋಕ್‌ನ ಮನೆಯಲ್ಲಿ ರಜಾದಿನವಾದ ಶುಕ್ರವಾರದ ಊಟ ಮುಗಿಯುವಾಗ ಸಂಜೆಯಾಗುತ್ತಿತ್ತು. ಮಂಗಳೂರಿನ ಒಂದೇ ಕಾಲೇಜಿನಲ್ಲಿ ಬೇರೆ ಬೇರೆ ವರ್ಷ ಓದಿ, ಕುವೈತಿನಲ್ಲಿ ಬೇರೆ ಬೇರೆ ಕೆಲಸಕ್ಕೆ ಬಿದ್ದಿದ್ದ ಏಳೆಂಟು ಮಂದಿ ಅಲ್ಲಿ ಸೇರುತ್ತಿದ್ದರು. ನೆಹರೂ ಮೈದಾನದಲ್ಲಿ ಅಂತರ ಕಾಲೇಜು ಫುಟ್‌ಬಾಲ್ ಶುರುವಾಗುವುದು ಅಕ್ಟೋಬರಿನಲ್ಲಿ. ಆದರೆ ಇವರು ಜೂನಿನಲ್ಲೇ ಎಸಿಯ ಕೆಳಗೆ ಕೂತು, ಈ ಸಲ ನಮ್ಮ ಟೀಮಿನಲ್ಲಿ ಯಾರು ಮಿಂಚುತ್ತಾನೆ ಎಂದು ಜಗಳಕ್ಕೆ ಇಳಿಯುತ್ತಿದ್ದರು. ಕಾಲೇಜಿನಲ್ಲಿ ಆಟ ಕಲಿಸುವ ಪಿ.ಡಿ. ಸರ್ ಅಭ್ಯಾಸದ ವಿಡಿಯೋ ಕಳಿಸುತ್ತಿದ್ದರು. ಅದನ್ನು ಟಿವಿಗೆ ಹಾಕಿ, ನಿಲ್ಲಿಸಿ, ಹಿಂದಕ್ಕೆ ಓಡಿಸಿ, ಕೆಸರಲ್ಲಿ ಮುಖವೇ ಕಾಣದ ಹುಡುಗರ ಜಾತಕ ಬರೆಯುತ್ತಿದ್ದರು. ರೋಕ್‌ನ ಹೆಂಡತಿ ಕ್ಯಾಥರಿನ್ ಇದನ್ನೆಲ್ಲ ಶುದ್ಧ ಹುಚ್ಚು ಎನ್ನುತ್ತಿದ್ದಳು. ಆದರೂ ಪ್ರತಿ ಶುಕ್ರವಾರ ಇನ್ನೊಂದು ಸೇರು ಅಕ್ಕಿ ಜಾಸ್ತಿ ಹಾಕುತ್ತಿದ್ದಳು.

ಕಾಲೇಜಿಗೆ ಕಡೆಯ ಬಾರಿ ಕಪ್ ಬಂದದ್ದು ರೋಕ್ ಗೋಲ್‌ಕೀಪರ್ ಆಗಿದ್ದಾಗ. ಆಗ ಕ್ಯಾಪ್ಟನ್ ಆಗಿದ್ದವನು ಉಳ್ಳಾಲದ ಅಹ್ಮದ್ ಬಾವಾ. ಈಗ ಇಬ್ಬರಿಗೂ ಒಂದೇ ಕಂಪನಿ, ವೀಸಾ ಕೊಟ್ಟ ಮಾಲೀಕ ಅಂದರೆ ಕಫೀಲ್ ಕೂಡ ಒಬ್ಬನೇ. ಕಟ್ಟಡದ ಸಾಮಾನು ಮಾರುವ ಆ ಕಂಪನಿಯ ಶುವೈಖ್ ಆಫೀಸಿನಲ್ಲಿ ರೋಕ್ ಮ್ಯಾನೇಜರ್, ಸಬ್ಹಾನ್ ಗೋದಾಮಿನಲ್ಲಿ ಬಾವಾ ಸ್ಟೋರ್‌ಕೀಪರ್. ಕುರ್ಚಿಯ ಈ ವ್ಯತ್ಯಾಸ ಇಬ್ಬರ ನಡುವೆ ಯಾವತ್ತೂ ಬಂದಿರಲಿಲ್ಲ. ಕರಾವಳಿಯಲ್ಲಿ ಮುಸ್ಲಿಮರನ್ನೂ ಕ್ರೈಸ್ತರನ್ನೂ ಕರೆಯುವ ಹಾಗೆ ರೋಕ್ ಅವನನ್ನು ಬ್ಯಾರಿ ಎಂದು ಕರೆಯುತ್ತಿದ್ದ, ಅವನು ರೋಕ್‌ನನ್ನು ಪೊರ್ಬು ಎನ್ನುತ್ತಿದ್ದ. ಊರಲ್ಲಿ ಇದ್ದ ಹಾಗೆಯೇ ಮಾತೆಲ್ಲ ತುಳುವಿನಲ್ಲಿ.

ಈ ವರ್ಷ ಮಾತ್ರ ಜಗಳವೇ ಆಗಲಿಲ್ಲ. ಪಿ.ಡಿ. ಸರ್ ಕಳಿಸಿದ ಮೊದಲ ವಿಡಿಯೋದಲ್ಲೇ ಎಲ್ಲ ತೀರ್ಮಾನವಾಗಿತ್ತು. ಜಡಿಮಳೆಯಲ್ಲಿ ಎಡಗಡೆಯ ಗೆರೆಗೆ ತಾಗಿಕೊಂಡೇ ಓಡಿಬಂದ ತೆಳ್ಳಗಿನ ಹುಡುಗನೊಬ್ಬ ಚೆಂಡಿನ ಮೇಲೆ ಕಾಲಿಟ್ಟು ಸುಮ್ಮನೆ ನಿಂತ. ಅಡ್ಡ ಬಂದ ಇಬ್ಬರು ಜಾರಿ ಮುಂದೆ ಹೋದರು. ಅವರು ಎದ್ದು ತಿರುಗುವುದರೊಳಗೆ ಚೆಂಡು ಬಾಗಿಕೊಂಡು ಹೋಗಿ ದೂರದ ಕಂಬದ ಒಳಗೆ ಬಿದ್ದಿತ್ತು. ಅವನು ಬಾವಾನ ಮಗ ಸಿನಾನ್, ಕೊನೆಯ ವರ್ಷದ ಬಿ.ಕಾಂ. ಎರಡು ವರ್ಷ ಸೀನಿಯರ್‌ಗಳ ಹಿಂದೆ ಬೆಂಚಿನಲ್ಲಿ ಕೂತವನಿಗೆ ಈ ಸಲ ಜಾಗ ಸಿಕ್ಕಿತ್ತು. ಬ್ಯಾಂಕಿನಲ್ಲಿ ಕೆಲಸ ಮಾಡುವ ಸೆಡ್ರಿಕ್ ಯಾರನ್ನೂ ಸುಲಭಕ್ಕೆ ಹೊಗಳುವವನಲ್ಲ. ಅವನೇ ರಿಮೋಟ್ ಕಸಿದುಕೊಂಡು ಅದನ್ನು ಮತ್ತೆ ಮತ್ತೆ ನೋಡಿ, "ಈ ವರ್ಷ ಸಿನಾನ್‌ನದ್ದು" ಎಂದ. ಇನ್ನೂ ಕಲಿಯಲಿಕ್ಕೆ ಉಂಟು ಎಂದು ಬಾವಾ ತಟ್ಟೆ ನೋಡಿಕೊಂಡೇ ಹೇಳಿದ. ಆದರೆ ಅವನ ಕಿವಿ ಕೆಂಪಾದದ್ದನ್ನು ರೋಕ್ ನೋಡಿದ. ಬೆಂಗಳೂರಿನ ಒಂದು ಕ್ಲಬ್ಬಿನವರು ಈ ಸಲ ಪಂದ್ಯ ನೋಡಲು ಬರುತ್ತಾರೆ ಎಂದು ಪಿ.ಡಿ. ಸರ್ ಬರೆದಿದ್ದರು. ಆವತ್ತಿನಿಂದ ಆ ಮನೆಯಲ್ಲಿ ಬೇರೆ ಮಾತೇ ಇಲ್ಲ.

ಜುಲೈಯಲ್ಲಿ ಬಾವಾ ಗೋದಾಮಿನಲ್ಲಿ ಬಿದ್ದ. ಬಿಸಿಲಿಗೆ ತಲೆ ತಿರುಗಿತು ಎಂದು ಜೊತೆಯವರು ನೀರು ಹಾಕಿದರು. ಅದು ಬಿಸಿಲಾಗಿರಲಿಲ್ಲ, ಪಾರ್ಶ್ವವಾಯು. ರೋಕ್ ಆಸ್ಪತ್ರೆಗೆ ಹೋದಾಗ ಬಾವಾನ ಬಾಯಿ ಒಂದು ಬದಿಗೆ ಎಳೆದಿತ್ತು, ಬಲಗೈ ಬಲಗಾಲು ಅವನದ್ದಾಗಿ ಉಳಿದಿರಲಿಲ್ಲ. ಏನೋ ಹೇಳಲು ಹೋದ, ಶಬ್ದ ಮಾತಾಗಲಿಲ್ಲ. ಮಾತಾಡಬೇಡ ಬ್ಯಾರಿ ಎಂದು ರೋಕ್ ಅವನ ಹಣೆ ಒರೆಸಿದ. ಆಗಸ್ಟ್‌ನಲ್ಲಿ ಅವನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಊರಿಗೆ ಕಳಿಸಿದರು. ಇನ್ನು ಅವನು ಈ ಕಡೆ ಬರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು.

ಒಂದು ವಾರ ಕಳೆದು ಬಾವಾನ ಹೆಂಡತಿ ಅಲೀಮಮ್ಮ ಫೋನ್ ಮಾಡಿದಳು. ಅವಳು ಅಳಲಿಲ್ಲ. ಮನೆಯಲ್ಲಿ ಇನ್ನೂ ಓದುವ ಇಬ್ಬರು ಹೆಣ್ಣುಮಕ್ಕಳಿದ್ದಾರೆ, ಮದ್ದು ನಿಲ್ಲಿಸುವ ಹಾಗಿಲ್ಲ ಎಂದೆಲ್ಲ ಹೇಳಿ, ಕೊನೆಗೆ ವಿಷಯಕ್ಕೆ ಬಂದಳು.

"ನೀವೊಂದು ಮಾತು ಹೇಳಿದ್ರೆ ಕಫೀಲ್ ಕೇಳ್ತಾನಂತೆ ಪೊರ್ಬುಗಳೇ. ಅವರ ಜಾಗಕ್ಕೆ ಸಿನಾನ್‌ನನ್ನು ಕರೆಸಿಕೊಳ್ಳಿ."

ರೋಕ್ ಕೇಳಿದ, "ಬಾವಾನಿಗೆ ಗೊತ್ತುಂಟಾ?"

"ಅವರನ್ನು ಕೇಳ್ಬೇಡಿ. ಕೇಳಿದ್ರೆ ಬೇಡ ಅಂತ ತಲೆ ಅಲ್ಲಾಡಿಸ್ತಾರೆ. ತಲೆ ಅಲ್ಲಾಡಿಸುದು ಬಿಟ್ಟು ಈಗ ಅವರಿಂದ ಬೇರೆ ಎಂತ ಆಗ್ತದೆ?"

ಅಕ್ಟೋಬರ್ ಮುಗಿಯುವವರೆಗಾದರೂ ತಡೆಯಿರಿ, ಹುಡುಗನಿಗೆ ಇದೊಂದೇ ಅವಕಾಶ, ಕ್ಲಬ್ಬಿನವರು ಬರುತ್ತಾರೆ ಎಂದು ರೋಕ್ ತನಗೆ ತಿಳಿದ ಹಾಗೆಲ್ಲ ಹೇಳಿದ. ಅಲೀಮಮ್ಮ ಪೂರ್ತಿ ಕೇಳಿಸಿಕೊಂಡಳು.

"ಕಪ್ ಗೆದ್ರೆ ಅದು ಎಲ್ಲಿಗೆ ಬರ್ತದೆ? ಕಾಲೇಜಿಗಾ, ನಮ್ಮ ಮನೆಗಾ?"

ರೋಕ್ ಕಫೀಲ್‌ನನ್ನು ಕಾಣಲು ಹೋದ.

ಕಫೀಲ್ ಕೆಟ್ಟವನಲ್ಲ. ಬಾವಾನ ಮೇಲೆ ಅವನಿಗೆ ಅಭಿಮಾನವಿತ್ತು, ಮಗನಿಗೆ ವೀಸಾ ಕೊಡಲು ಕೂಡಲೇ ಒಪ್ಪಿದ. ಆದರೆ ಬರುವುದಾದರೆ ಈಗಲೇ ಬರಬೇಕು ಎಂದ. ಎರಡು ತಿಂಗಳು ಸಮಯ ಕೊಡಿ ಎಂದು ರೋಕ್ ಕೇಳಿದಾಗ ಕಾರಣ ಕೇಳಿದ. ಫುಟ್‌ಬಾಲ್ ಎಂದದ್ದಕ್ಕೆ ಮಕ್ಕಳ ಮಾತು ಕೇಳಿದವನಂತೆ ನಕ್ಕು, ಬೇಡವಾದರೆ ಬೇರೆಯವನನ್ನು ನೋಡೋಣ, ಖಲಾಸ್ ಎಂದು ಎದ್ದ. ಆ ಸಂಜೆ ಕ್ಯಾಥರಿನ್ ಗಂಡನನ್ನು ಸಮಾಧಾನ ಮಾಡಲು ನೋಡಿದಳು. ಆ ಹೆಂಗಸಿನ ಜಾಗದಲ್ಲಿ ನಾನಿದ್ದರೂ ಹಾಗೆಯೇ ಕೇಳುತ್ತಿದ್ದೆ ಎಂದಳು. ರೋಕ್ ಊಟ ಬಿಟ್ಟು ಎದ್ದುಹೋದ. ಮರುದಿನ ಕಾಗದಪತ್ರ ಶುರು ಮಾಡಿದವನೂ ಅವನೇ.

ವೀಸಾ ಬಂದ ದಿನ ಬಾವಾನಿಗೆ ತಾನೇ ಹೇಳಬೇಕೆಂದು ವಿಡಿಯೋ ಕಾಲ್ ಮಾಡಿದ. ಹುಡುಗ ಇಲ್ಲಿಗೆ ಬರುತ್ತಾನೆ ಬ್ಯಾರಿ, ನಾನು ನೋಡಿಕೊಳ್ಳುತ್ತೇನೆ ಎಂದ. ಬಾವಾ ಎಡಗೈಯಿಂದ ಫೋನನ್ನು ಹಾಸಿಗೆಯ ಮೇಲೆ ಬೋರಲು ಹಾಕಿದ. ಪರದೆ ಕಪ್ಪಾಯಿತು. ಕಾಲ್ ಕಟ್ಟಾಗಿರಲಿಲ್ಲ, ಅಂಗಳದಲ್ಲೆಲ್ಲೋ ಕೋಳಿ ಕೂಗುವುದು ಕೇಳುತ್ತಿತ್ತು. ರೋಕ್ ಕಾದ. ಫೋನನ್ನು ಯಾರೂ ಎತ್ತಲಿಲ್ಲ.

ಸೆಪ್ಟೆಂಬರಿನಲ್ಲಿ ಸಿನಾನ್ ಬಂದಿಳಿದ. ವಿಮಾನ ನಿಲ್ದಾಣಕ್ಕೆ ರೋಕ್ ತನ್ನ ಕಾರಿನಲ್ಲೇ ಹೋದ. ಟಿವಿಯಲ್ಲಿ ಅಷ್ಟು ಸಲ ಹಿಂದೆ ಮುಂದೆ ಓಡಿಸಿ ನೋಡಿದ್ದ ಹುಡುಗ ಒಂದು ಸಣ್ಣ ಬ್ಯಾಗು ಹಿಡಿದು ಎದುರು ನಿಂತಿದ್ದ. ಬೂಟು ತಂದಿದ್ದೀಯಾ, ಇಲ್ಲಿಯೂ ನಮ್ಮವರ ಟೀಮುಗಳು ಉಂಟು ಎಂದ ರೋಕ್. ಟೀಮಿನ ಒಬ್ಬ ಜೂನಿಯರ್‌ಗೆ ಕೊಟ್ಟುಬಂದೆ ಎಂದ ಸಿನಾನ್, ದಾರಿಯುದ್ದ ಕಿಟಕಿಯ ಹೊರಗೆ ನೋಡುತ್ತ ಕೂತ.

ಹೇಳಿದ್ದು ಬಾವಾನ ಜಾಗ ಎಂದು. ಆದರೆ ಅಷ್ಟರಲ್ಲಿ ಸ್ಟೋರ್‌ಕೀಪರ್ ಕುರ್ಚಿಯಲ್ಲಿ ಅರಬಿ ಬಲ್ಲ ಈಜಿಪ್ಟಿನವನೊಬ್ಬ ಕೂತಾಗಿತ್ತು. ಸಿನಾನ್ ಪಾಲಿಗೆ ಬಂದದ್ದು ಲಾರಿಯಿಂದ ಟೈಲ್ಸ್ ಪೆಟ್ಟಿಗೆ ಇಳಿಸುವ ಕೆಲಸ. ರೋಕ್ ಕಫೀಲ್‌ನ ಬಾಗಿಲಿಗೆ ಎರಡು ಸಲ ಹೋದ. ಭಾಷೆ ಕಲಿಯಲಿ, ಆಮೇಲೆ ನೋಡೋಣ ಎಂಬ ಉತ್ತರ ಸಿಕ್ಕಿತು. ಫಿಂಟಾಸ್‌ಗೆ ಊಟಕ್ಕೆ ಬಾ ಎಂದು ಪ್ರತಿ ವಾರ ಕರೆದ. ಹುಡುಗ ಮರ್ಯಾದೆಯಿಂದ ಆಗಲಿ ಅಂಕಲ್ ಎನ್ನುತ್ತಿದ್ದ, ಬರುತ್ತಿರಲಿಲ್ಲ.

ಅಕ್ಟೋಬರಿನ ಮೊದಲ ಪಂದ್ಯವನ್ನು ಯಾರೋ ಮೈದಾನದಿಂದ ಫೋನಿನಲ್ಲಿ ತೋರಿಸಿದರು. ರೋಕ್‌ನ ಮನೆಯಲ್ಲಿ ಎಲ್ಲರೂ ಸೇರಿದ್ದರು. ಎಡಗಡೆ ಆಡಿದವನು ಪಾಪ, ಚೆಂಡು ಬಂದಾಗಲೆಲ್ಲ ಹೆದರಿ ಹಿಂದಕ್ಕೆ ತಳ್ಳುತ್ತಿದ್ದ. ಎರಡು ಗೋಲು ತಿಂದು ಕಾಲೇಜು ಮೊದಲ ಸುತ್ತಿಗೇ ಹೊರಬಿತ್ತು. ಯಾರೂ ಯಾರನ್ನೂ ಬೈಯಲಿಲ್ಲ. ಕೂತು ಊಟ ಮಾಡಿ ಎಂದು ಕ್ಯಾಥರಿನ್ ಕರೆದರೆ, ಒಬ್ಬೊಬ್ಬರೇ ಕೆಲಸದ ನೆಪ ಹೇಳಿ ಎದ್ದರು. ಸೆಡ್ರಿಕ್ ಮಾತ್ರ ಬಾಗಿಲಲ್ಲಿ ನಿಂತು, ಆ ಹುಡುಗನನ್ನು ನಮ್ಮ ಶುಕ್ರವಾರದ ಲೀಗಿಗಾದರೂ ಎಳೆದು ತಾ ಎಂದ. ಇಷ್ಟು ಒಳ್ಳೆಯ ಕಾಲು ತುಕ್ಕು ಹಿಡಿಯಬಾರದು ಎಂದ.

ಅದನ್ನೇ ಹಿಡಿದುಕೊಂಡು ರೋಕ್ ಮರುದಿನ ಸಬ್ಹಾನ್‌ಗೆ ಹೋದ. ಸಿನಾನ್ ಗೋದಾಮಿನ ನೆರಳಲ್ಲಿ ಕೂತು ಚಹಾ ಕುಡಿಯುತ್ತಿದ್ದ. ಅಂಗೈಗಳಲ್ಲಿ ಬೊಬ್ಬೆ ಒಡೆದು ಗಟ್ಟಿಯಾಗಿತ್ತು. ಸೋತ ಸುದ್ದಿ ಹೇಗೆ ತೆಗೆಯುವುದೆಂದು ರೋಕ್ ತಡಕಾಡುವಾಗ, ಗೊತ್ತಾಯಿತು ಅಂಕಲ್ ಎಂದು ಅವನೇ ಹೇಳಿದ. ರೋಕ್ ಲೀಗಿನ ವಿಷಯ ಎತ್ತಿದ. ಬೂಟು ನಾನು ಕೊಡಿಸುತ್ತೇನೆ, ಮೈದಾನಕ್ಕೆ ನಾನೇ ಕರೆದುಕೊಂಡು ಹೋಗುತ್ತೇನೆ ಎಂದ.

ಸಿನಾನ್ ಉಳಿದ ಚಹಾವನ್ನು ಮರಳಿಗೆ ಚೆಲ್ಲಿದ. "ಒಂದು ಉಪಕಾರ ಮಾಡ್ತೀರಾ ಅಂಕಲ್?"

"ಹೇಳು ಮಗಾ."

"ಶುಕ್ರವಾರವೂ ನನಗೆ ಡ್ಯೂಟಿ ಹಾಕ್ಸಿ. ರೂಮಿನ ಹಿಂದೆ ಹುಡುಗರು ಆಡ್ತಾರೆ. ಆ ಸದ್ದು ಕೇಳ್ಕೊಂಡು ಮಲಗ್ಲಿಕ್ಕೆ ನನ್ನಿಂದ ಆಗುದಿಲ್ಲ."

ಹಾಗೆ ಹೇಳುವಾಗ ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಲಾರಿಯೊಂದು ಬಂದು ನಿಂತಿತು, ಯಾರೋ ಯಲ್ಲಾ ಯಲ್ಲಾ ಎಂದು ಕೂಗಿದರು, ಸಿನಾನ್ ಎದ್ದುಹೋದ.

ರೋಕ್ ಶುವೈಖ್‌ಗೆ ಮರಳಿ, ಗೋದಾಮಿನ ಸೂಪರ್‌ವೈಸರ್‌ಗೆ ಫೋನ್ ಮಾಡಿ, ಆ ಹುಡುಗನಿಗೆ ಶುಕ್ರವಾರದ ಡ್ಯೂಟಿ ಹಾಕಿಸಿದ.