ಡಾಕ್ಟ್ರ ಸೋಡಾ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಇಷ್ಟಕ್ಕೆಲ್ಲ ಕಾರಣ ನನ್ನ ಬಾಯಿ. ಚೌಳಹಿರಿಯೂರು ಕಡೆಯ ಒಂದು ಪಶು ಆಸ್ಪತ್ರೆಯಲ್ಲಿ ನಾನು ಅಟೆಂಡರ್, ಹೆಸರು ಕಾಂತರಾಜ್, ನಿವೃತ್ತಿಗೆ ಇನ್ನೆರಡು ವರ್ಷ. ಈ ಸರ್ವಿಸಿನಲ್ಲಿ ಆರು ಡಾಕ್ಟರುಗಳ ಔಷಧಿ ಪೆಟ್ಟಿಗೆ ಹೊತ್ತಿದ್ದೇನೆ. ಐದು ಜನರ ಬಗ್ಗೆ ಕೇಳಬೇಡಿ, ನನ್ನ ಬಿ.ಪಿ. ಏರುತ್ತದೆ. ಆರನೆಯವರು ಗುರುಮೂರ್ತಿ. ಒಂಬತ್ತು ವರ್ಷದಿಂದ ಅವರ ಬೈಕಿನ ಹಿಂದೆ ಕೂತಿದ್ದೇನೆ. ಅವರ ಮೇಲೆ ಒಂದು ದೂರು ಹೇಳು ಎಂದರೆ ನನ್ನಂಥವನೂ ತಲೆ ಕೆರೆದುಕೊಳ್ಳಬೇಕು.

ಅವರ ಕೈ ನೋಡಬೇಕು ನೀವು. ಕರು ಅಡ್ಡ ಸಿಕ್ಕಿಕೊಂಡಾಗ ಮೊಣಕೈ ದಾಟುವವರೆಗೂ ತೋಳು ಒಳಗೆ ಹಾಕಿ, ಕಣ್ಣು ಮುಚ್ಚಿಕೊಂಡು, ಮಡಚಿದ ಕಾಲನ್ನು ಬೆರಳಿನಲ್ಲೇ ಹುಡುಕಿ ಬಿಡಿಸುತ್ತಾರೆ. ಬೇರೆಯವರು ಹಗ್ಗ ಕಟ್ಟಿ ನಾಲ್ಕು ಜನ ಸೇರಿ ಎಳೆಯುವ ಕಡೆ ಇವರು ಹಸುವಿನ ಜೊತೆ ಮೆತ್ತಗೆ ಮಾತಾಡುತ್ತ ಕೆಲಸ ಮುಗಿಸುತ್ತಾರೆ. ನಮ್ಮ ಕಡೆ ಎಷ್ಟೋ ಮನೆಯ ಹಾಲು ಆ ಎರಡು ಕೈಯಿಂದ ಬರುತ್ತಿದೆ.

ಅವರದೊಂದು ಪಟ್ಟು ಇತ್ತು. ಯಾರ ಮನೆಗೆ ಹೋದರೂ ಕೊಟ್ಟಿದ್ದನ್ನು ಬೇಡ ಎನ್ನುತ್ತಿರಲಿಲ್ಲ. ಅದಕ್ಕೆ ಕಾರಣ ಕೆಂಚಪ್ಪ. ಡಾಕ್ಟರು ಬಂದ ಹೊಸತರಲ್ಲಿ ಊರಾಚೆಯ ಕಾಲೋನಿಯಲ್ಲಿ ಕೆಂಚಪ್ಪನ ಹಸುವಿಗೆ ಇಂಜೆಕ್ಷನ್ ಕೊಡಲು ಹೋಗಿದ್ದರು. ಆಗಷ್ಟೇ ಎರಡು ಮನೆಯಲ್ಲಿ ಕಾಫಿಯಾಗಿತ್ತು. ಕೆಂಚಪ್ಪನ ಹೆಂಡತಿ ವಿಮಲಮ್ಮ ಲೋಟ ಹಿಡಿದು ಬಂದಾಗ, ಬೇಡಮ್ಮ, ಈಗ ತಾನೆ ಆಯ್ತು ಅಂದುಬಿಟ್ಟರು. ಮುಂದಿನ ತಿಂಗಳು ಅದೇ ಹಸು ಹೊಟ್ಟೆ ಉಬ್ಬರಿಸಿ ಸತ್ತಿತು. ನನಗೆ ಯಾಕೆ ಫೋನ್ ಮಾಡಲಿಲ್ಲ ಎಂದು ಡಾಕ್ಟರು ಕೇಳಿದರೆ ಕೆಂಚಪ್ಪ ನೆಲ ನೋಡಿಕೊಂಡು, "ನಮ್ಮನೇಲಿ ಕಾಫಿ ಮುಟ್ದೇ ಇರೋರನ್ನ ಹೆಂಗೆ ಕರೆಯೋದು ಸ್ವಾಮಿ," ಅಂದ. ಅಲ್ಲಿಂದೀಚೆಗೆ ಅವರು ಯಾರ ಮನೆಯಲ್ಲೂ ಬೇಡ ಎಂದಿದ್ದನ್ನು ನಾನು ಕೇಳಿಲ್ಲ.

ನಾನೂ ಬೇಡ ಎನ್ನುವ ಪೈಕಿಯಲ್ಲ. ಕಾಫಿಯ ಜೊತೆ ನಾಲ್ಕು ಕೋಡುಬಳೆ ಇದ್ದರೆ ಇನ್ನೂ ಒಳ್ಳೆಯದು. ಕಾಲೋನಿಯಲ್ಲಿ ಮಾತ್ರ ಬೈಕಿನ ಹತ್ತಿರ ನಿಂತುಬಿಡುತ್ತಿದ್ದೆ. ಔಷಧಿ ಪೆಟ್ಟಿಗೆ ಕಾಯಲು ಒಬ್ಬರು ಬೇಕಲ್ಲ.

ಎರಡು ವರ್ಷದ ಹಿಂದೆ ಡಾಕ್ಟರಿಗೆ ಶುಗರ್ ಬಂತು. ಸಕ್ಕರೆ ಬಿಡಿ ಎಂದು ಕಡೂರಿನ ಆಸ್ಪತ್ರೆಯಲ್ಲಿ ಹೇಳಿ ಕಳಿಸಿದರು. ಹೇಳುವುದು ಸುಲಭ. ನಮ್ಮ ಮನೆಗಳಲ್ಲಿ ಕಾಫಿಗೆ ಸಕ್ಕರೆಯೋ ಬೆಲ್ಲವೋ ಪಾತ್ರೆಯಲ್ಲೇ ಬಿದ್ದಿರುತ್ತದೆ. ಬೇರೆ ಮಾಡಿಕೊಡಿ ಎಂದರೆ, ಮನೆಗೆ ಬಂದವರಿಗೆ ಸಪ್ಪೆ ಕಾಫಿ ಕೊಡುವುದೇ ಎಂದು ಹೆಂಗಸರು ಮುಖ ಚಿಕ್ಕದು ಮಾಡಿಕೊಳ್ಳುತ್ತಾರೆ. ಜಯಲಕ್ಷ್ಮಮ್ಮನ ಜಗುಲಿಯಲ್ಲಿ ಈ ಪೇಚಾಟ ನಡೆದಿತ್ತು. ಆ ಯಮ್ಮನಿಗೆ ದೊಡ್ಡ ತೆಂಗಿನ ತೋಟ, ಮೂರು ಹಸು. ಕರೆಂಟ್ ಮೀಟರ್ ನೋಡಲು ಬಂದವನೂ ಅವರ ಮನೆಯಿಂದ ಬಾಯಿ ಒಣಗಿಸಿಕೊಂಡು ಹೋದದ್ದಿಲ್ಲ. ಆಗ ನಾನು ಬಾಯಿ ಹಾಕಿದೆ.

"ಡಾಕ್ಟ್ರು ಮೊನ್ನೆ ಕಡೂರಲ್ಲಿ ಅದೆಂಥದೋ ಡಯಟ್ ಸೋಡಾ ಕುಡಿದ್ರು ಕಣಮ್ಮ. ಸಿಹಿ ಇರುತ್ತೆ, ಸಕ್ಕರೆ ಮಾತ್ರ ಒಂದು ಚೂರೂ ಇಲ್ವಂತೆ."

ಮುಂದಿನ ಸಲ ಹೋದಾಗ ಫ್ರಿಜ್ಜಿನಿಂದ ತಣ್ಣನೆಯ ಕಪ್ಪು ಬಾಟಲಿ ಬಂತು. ಒಂದೇ ತಿಂಗಳಿಗೆ ಡೇರಿ ಪಕ್ಕದ ಅಂಗಡಿಯವನು ಕೇಸುಗಟ್ಟಲೆ ತರಿಸಲು ಶುರುಮಾಡಿದ, ಅದಕ್ಕೆ 'ಡಾಕ್ಟ್ರ ಸೋಡಾ' ಎಂದು ಹೆಸರೂ ಬಿತ್ತು. ಫ್ರಿಜ್ ಇದ್ದ ಮನೆಯಲ್ಲೆಲ್ಲ ಬಾಗಿಲಲ್ಲಿ ಎರಡು ಬಾಟಲಿ ಕಾಯಂ. ಇಲ್ಲದವರು ಪಕ್ಕದ ಮನೆಯಲ್ಲಿ ಇಟ್ಟಿರುತ್ತಿದ್ದರು. ಕೆಂಚಪ್ಪ ಒದ್ದೆ ಬಟ್ಟೆ ಸುತ್ತಿ ನೀರಿನ ಗುಡಾಣದ ಪಕ್ಕ ಇಡುತ್ತಿದ್ದ. ಒಂದು ಊರು ಒಬ್ಬ ಮನುಷ್ಯನನ್ನು ಇಷ್ಟು ಜೋಪಾನ ಮಾಡಿದ್ದನ್ನು ನಾನಂತೂ ಬೇರೆ ಕಡೆ ಕಂಡಿಲ್ಲ. ಡಾಕ್ಟರು ಎಲ್ಲರ ಮನೆಯಲ್ಲೂ ನಗುನಗುತ್ತ ಕುಡಿದರು. ದಿನಕ್ಕೆ ಏಳು, ಕೆಲವೊಮ್ಮೆ ಎಂಟು. ಬಾಟಲಿಯಲ್ಲಿ ಸಕ್ಕರೆ ಇಲ್ಲವೆಂಬ ಧೈರ್ಯದಲ್ಲಿ ಪಕ್ಕದಲ್ಲಿಟ್ಟ ಕೋಡುಬಳೆಯೂ ಹೊಟ್ಟೆ ಸೇರಿತು.

ವರ್ಷ ಕಳೆಯುವ ಹೊತ್ತಿಗೆ ಅವರು ತಣ್ಣೀರು ಬಾಯಿಗೆ ಹಾಕಿದರೆ ಕೆನ್ನೆ ಹಿಡಿದುಕೊಳ್ಳುತ್ತಿದ್ದರು. ಬೈಕಿನ ಪೆಟ್ಟಿಗೆಯಲ್ಲಿ ದನದ ಔಷಧಿಯ ಜೊತೆ ಎದೆಯುರಿಯ ಗುಲಾಬಿ ಬಣ್ಣದ ಸಿರಪ್ ಬಾಟಲಿ ಬಂದು ಕೂತಿತು. ಬೆಳಿಗ್ಗೆ ಬಂದರೆ ಕಣ್ಣು ಕೆಂಪಗೆ. ನಿದ್ದೆಯಾಯಿತೇ ಎಂದರೆ, ಆಯಿತು ಆಯಿತು ಎನ್ನುವರು. ಒಂದು ದಿನ ಸಿರಿಂಜಿಗೆ ಔಷಧಿ ಎಳೆಯುವಾಗ ಸೂಜಿ ಬಾಟಲಿಯ ಬಾಯಿಗೆ ತಾಗದೆ ಪಕ್ಕಕ್ಕೆ ಜಾರಿತು. ಆ ಕೈ ನಡುಗಿದ್ದನ್ನು ನೋಡಿ ಬಾಟಲಿಯನ್ನು ನಾನೇ ಹಿಡಿದುಕೊಂಡೆ.

ಈ ವರ್ಷದ ಶ್ರಾವಣದಲ್ಲಿ ಜಯಲಕ್ಷ್ಮಮ್ಮನ ಚೊಚ್ಚಲು ಹಸು ಕರು ಹಾಕಲಾರದೆ ಬಿದ್ದುಕೊಂಡಿತು. ಕರುವಿನ ಮುಂಗಾಲು ಹಿಂದಕ್ಕೆ ಮಡಚಿತ್ತು. ಡಾಕ್ಟರು ತೋಳು ಹಾಕಿದರು. ಯಾವಾಗಲೂ ಹತ್ತು ನಿಮಿಷದ ಕೆಲಸ, ಅವತ್ತು ಮುಕ್ಕಾಲು ಗಂಟೆ ಹಿಡಿಯಿತು. ಬೆರಳು ಹಿಡಿತಕ್ಕೆ ಬರುತ್ತಿಲ್ಲವೆಂದು ಅವರ ಮುಖದಲ್ಲೇ ಗೊತ್ತಾಗುತ್ತಿತ್ತು. ಅಂತೂ ಕರು ಜೀವಂತ ಹೊರಬಂತು, ಹಸು ನೆಕ್ಕತೊಡಗಿತು. ಡಾಕ್ಟರು ಕೈ ತೊಳೆದು, ಎದೆ ಹಿಡಿದುಕೊಂಡು ಕೊಟ್ಟಿಗೆಯ ಗೋಡೆಗೆ ಒರಗಿ ಕೂತುಬಿಟ್ಟರು. ಮೈಯೆಲ್ಲ ಬೆವರು. ಜಯಲಕ್ಷ್ಮಮ್ಮ ಓಡಿಬಂದು, ಸುಧಾರಿಸಿಕೊಳ್ಳಲಿ ಎಂದು, ಡಾಕ್ಟ್ರ ಸೋಡಾದ ಮುಚ್ಚಳ ತೆಗೆದು ಕೈಗಿಟ್ಟರು. ಡಾಕ್ಟರು ಅದನ್ನೂ ಕುಡಿದರು.

ಜಯಲಕ್ಷ್ಮಮ್ಮನ ಮಗ ಹರ್ಷಿತ್‌ನ ಕಾರಿನಲ್ಲಿ ಕಡೂರಿಗೆ ಹೋದೆವು. ಹಾರ್ಟೇ ಎಂದು ನಾನು ಸಿಕ್ಕ ದೇವರಿಗೆಲ್ಲ ಹರಕೆ ಹೊತ್ತಿದ್ದೆ. ಇ.ಸಿ.ಜಿ. ಸರಿಯಾಗಿತ್ತು. ಅಲ್ಲಿದ್ದ ಡಾಕ್ಟರಮ್ಮ ಹಲ್ಲು ನೋಡಿದರು, ಕೈ ಚಾಚಿಸಿ ನೋಡಿದರು, ದಿನಕ್ಕೆ ಏನೇನು ಕುಡಿಯುತ್ತೀರಿ ಎಂದು ಕೇಳಿದರು.

"ಸೋಡಾ ಒಂದೆರಡು," ಅಂದರು ಗುರುಮೂರ್ತಿ.

"ಎಂಟು," ಅಂದೆ ನಾನು. ಒಂಬತ್ತು ವರ್ಷದಲ್ಲಿ ಮೊದಲ ಸಲ ಅವರ ಮಾತಿಗೆ ಎದುರಾಡಿದ್ದು.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ವಿಷ ಅಂತ ನಾನು ಹೇಳಲ್ಲ. ಯಾವತ್ತೋ ಒಂದು ಕುಡಿದ್ರೆ ಏನೂ ಆಗಲ್ಲ. ದಿನಾ ಎಂಟು ಅಂದ್ರೆ ಹಲ್ಲನ್ನ ಇಡೀ ದಿನ ಹುಳೀಲಿ ನೆನೆ ಹಾಕ್ದಂಗೆ. ಅದರ ಗ್ಯಾಸು ಎದೆ ಉರಿಸುತ್ತೆ. ಕಾಫೀಲಿರೋ ಕೆಫೀನೇ ಇದರಲ್ಲೂ ಇದೆ, ನಿಮ್ಮ ನಿದ್ದೆ ಕೆಡಿಸ್ತಿರೋದು, ಕೈ ನಡುಗಿಸ್ತಿರೋದು ಅದು. ಸಕ್ಕರೆ ಇಲ್ಲ ಅಂದ ಮಾತ್ರಕ್ಕೆ ಶುಗರ್ ಇಳಿಯಲ್ಲ, ನಿಮ್ಮದು ಇಳಿದೂ ಇಲ್ಲ. ವರ್ಷಗಟ್ಟಲೆ ಕುಡಿದ್ರೆ ಇನ್ನೇನಾಗುತ್ತೆ ಅನ್ನೋದನ್ನ ಇನ್ನೂ ಪರೀಕ್ಷೆ ಮಾಡ್ತಾನೇ ಇದ್ದಾರೆ. ಆ ಪರೀಕ್ಷೆಗೆ ನೀವ್ಯಾಕೆ ಹೋಗಿ ಕೂರ್ತೀರಿ? ಸ್ವಲ್ಪ ಸ್ವಲ್ಪವಾಗಿ ಕಮ್ಮಿ ಮಾಡಿ ನಿಲ್ಸಿ. ಈ ಕೈ ನಿಮಗೆ ಬೇಕು ತಾನೆ?"

ವಾಪಸ್ಸು ಬರುವಾಗ ಡಾಕ್ಟರು ಮೆಲ್ಲಗೆ, "ಯಾರಿಗೂ ಹೇಳ್ಬೇಡಿ ಕಾಂತರಾಜ್," ಅಂದರು. "ನಾವೇ ಕೊಟ್ಟು ಕೆಡಿಸಿದ್ವಿ ಅಂತ ಆ ಹೆಂಗಸ್ರು ನೊಂದ್ಕೋತಾರೆ. ಬೇಡ ಅಂತ ಶುರು ಮಾಡಿದ್ರೆ ಕೆಂಚಪ್ಪನ ಮನೇಲೂ ಬೇಡ ಅನ್ಬೇಕು. ಅದು ನನ್ನ ಕೈಲಾಗಲ್ಲ."

ನನಗೆ ಸಿಟ್ಟು ಬಂತು. ತನ್ನ ಕೈ ಹೋದರೂ ಪರವಾಗಿಲ್ಲ, ಇನ್ನೊಬ್ಬರ ಮನಸ್ಸು ನೋಯಬಾರದಂತೆ. ಇಂಥವರನ್ನು ಬೈಯಲೂ ಆಗುವುದಿಲ್ಲ. ಹೊಗಳಿದರೆ ನಮ್ಮ ಕೆಲಸ ಆಗುವುದಿಲ್ಲ. ಮಾರನೆ ಬೆಳಿಗ್ಗೆ ಸೀದಾ ಜಯಲಕ್ಷ್ಮಮ್ಮನ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ.

ಆ ಯಮ್ಮ ಹೊಸಿಲ ಮೇಲೆ ಕೂತು ಸೆರಗು ಬಾಯಿಗೆ ಹಿಡಿದರು. "ಎದೆ ಹಿಡ್ಕೊಂಡು ಕೂತೋರ ಕೈಗೂ ಅದನ್ನೇ ಕೊಟ್ನಲ್ಲ ಕಾಂತಣ್ಣ," ಅಂದರು. ಅಲ್ಲಿಂದ ಎದ್ದು ಒಳಗೆ ಹೋದರು. ಫ್ರಿಜ್ಜಿನಲ್ಲಿದ್ದ ಬಾಟಲಿಗಳನ್ನು ಬಚ್ಚಲಿಗೆ ತಂದು, ಚೆಲ್ಲುವುದ್ಯಾಕೆಂದು ಕರ್ರಗಾದ ತಾಮ್ರದ ಹಂಡೆಗೆ ಸುರಿದು ಉಜ್ಜಿದರು. ಹಂಡೆ ಬೆಳಗಿಬಿಟ್ಟಿತು. ಅದನ್ನು ನೋಡಿ ಇನ್ನಷ್ಟು ಗಾಬರಿಯಾದರು.

"ಮಜ್ಜಿಗೆ ಕೊಡಿ ಇನ್ಮೇಲೆ, ಇಲ್ಲಾ ಎಳನೀರು," ಅಂದೆ.

"ನಂಗೆ ತೋಟ ಐತೆ, ಎಳನೀರು ಕೊಡ್ತೀನಿ. ಹಾಲೆಲ್ಲಾ ಡೇರಿಗೆ ಹಾಕೋರು ಮಜ್ಜಿಗೆ ಎಲ್ಲಿಂದ ತರ್ತಾರೆ? ನಾನೊಂದು ಕೊಟ್ರೆ ಅವ್ರು ಅದಕ್ಕೆ ಸಮ ಏನಾದ್ರೂ ಕೊಡ್ಬೇಕು ಅಂತ ಮತ್ತೆ ಅಂಗಡಿಗೆ ಓಡ್ತಾರೆ. ಎಲ್ರ ಮನೇಲೂ ಇರೋದು ನೀರು ಒಂದೇ."

ಮೂರನೆಯ ದಿನ ಕರು ನೋಡಲು ಡಾಕ್ಟರು ಹೋದರು. ಅಕ್ಕಪಕ್ಕದ ಹೆಂಗಸರನ್ನೆಲ್ಲ ಜಯಲಕ್ಷ್ಮಮ್ಮ ಬೇಕೆಂದೇ ಕರೆಸಿಕೊಂಡಿದ್ದರು. ಎಲ್ಲರೆದುರಿಗೆ ಒಳಗಿಂದ ಒಂದು ಚೊಂಬು ನೀರು ತಂದು ಡಾಕ್ಟರ ಮುಂದಿಟ್ಟರು. ಬರೀ ನೀರು, ಪಕ್ಕದಲ್ಲಿ ಒಂದು ಬೆಲ್ಲದ ಚೂರೂ ಇಲ್ಲ. ಹೆಂಗಸರು ಮುಖ ಮುಖ ನೋಡಿಕೊಂಡರು. ಬೇರೆ ಯಾರಾದರೂ ಹಾಗೆ ಮಾಡಿದ್ದರೆ ಜಿಪುಣಿ ಎಂಬ ಹೆಸರು ಸಂಜೆಯೊಳಗೆ ಅಜ್ಜಂಪುರ ತಲುಪುತ್ತಿತ್ತು. ಮೀಟರಿನವನಿಗೂ ಕಾಫಿ ಕೊಡುವ ಮನೆ ಅದು. ಕೊಡುಗೈ ಎಂಬ ತಮ್ಮ ಹೆಸರನ್ನು ಆ ಯಮ್ಮ ಡಾಕ್ಟರ ಸಲುವಾಗಿ ಚೊಂಬಿನ ಪಕ್ಕ ಇಳಿಸಿಟ್ಟರು. ನನಗೆ ಅವರ ಕಾಲಿಗೆ ಬೀಳಬೇಕೆನಿಸಿತು.

"ನಮ್ಮನೇಲಿ ಇನ್ಮೇಲೆ ಡಾಕ್ಟ್ರಿಗೆ ಇದೇ," ಅಂದರು ಜಯಲಕ್ಷ್ಮಮ್ಮ ಎಲ್ಲರಿಗೂ ಕೇಳುವಂತೆ. ಆಮೇಲೆ ಡಾಕ್ಟರಿಗೆ, "ಹಂಡೆ ಬೆಳಗೋ ನೀರನ್ನ ನಿಮ್ಮ ಹೊಟ್ಟೆಗೆ ಸುರಿದ್ವಿ, ತಪ್ಪಾಯ್ತು," ಅಂದರು.

ಡಾಕ್ಟರು ನನ್ನ ಕಡೆ ಒಂದು ನೋಟ ಬಿಟ್ಟು ನಕ್ಕರು. "ಹುಣಸೆಹಣ್ಣಲ್ಲೂ ಹಂಡೆ ಬೆಳಗುತ್ತಮ್ಮ. ಅದನ್ನ ದಿನಕ್ಕೆ ಎಂಟು ಸಲ ನೆಕ್ಕಿದ್ದು ನನ್ನ ತಪ್ಪು." ಚೊಂಬು ಎತ್ತಿ ಕುಡಿದರು. ಆಮೇಲೆ ನನಗೂ ನೀರೇ ಬಂತು, ಕೋಡುಬಳೆಯ ಸುದ್ದಿಯೇ ಇಲ್ಲ. ಅವರ ಎದುರು ನೀನು ತಿಂದರೆ ಚೆಂದವೇ ಎಂದು ಜಯಲಕ್ಷ್ಮಮ್ಮ ಕಣ್ಣಲ್ಲೇ ಗದರಿದರು.

ಮಾರನೆ ದಿನ ಡೇರಿ ಸಾಲಿನಲ್ಲಿ ಅದೇ ಮಾತು. ಹದಿನೈದು ದಿನದಲ್ಲಿ ಎಲ್ಲ ಮನೆಯಲ್ಲೂ ಚೊಂಬು ಬಂತು. ಉಳಿದದ್ದು ಕೆಂಚಪ್ಪನ ಮನೆ. ಡೇರಿಯ ಮಾತು ಅವನಿಗೂ ಮುಟ್ಟಿತ್ತು, ಆದರೂ ನಾವು ಹೋದಾಗ ವಿಮಲಮ್ಮ ಒದ್ದೆ ಬಟ್ಟೆ ಬಿಚ್ಚಿ ಬಾಟಲಿಯನ್ನೇ ತೆಗೆದರು.

"ನೀರು ಕೊಡಿ ಸಾಕು," ಅಂದರು ಡಾಕ್ಟರು.

ವಿಮಲಮ್ಮ ಗಂಡನ ಮುಖ ನೋಡಿದರು. ಕೆಂಚಪ್ಪ ಕೈ ಒರೆಸಿಕೊಳ್ಳುತ್ತ, "ಕಾಫಿ ಆದ್ರೆ ಕುದ್ದಿರ್ತಿತ್ತು. ಬಾಟ್ಲಿ ಆದ್ರೆ ಕಂಪ್ನೀದು ಸ್ವಾಮಿ, ಮುಚ್ಳ ಬಿಗಿಯಾಗಿರುತ್ತೆ," ಅಂದ. "ನೀರು ನಮ್ಮನೇದು."

ಡಾಕ್ಟರ ನಗು ನಿಂತುಹೋಯಿತು. ಎರಡು ವರ್ಷ ಈ ಮನೆಯಲ್ಲಿ ಒಂದು ದಿನವೂ ಬೇಡ ಎನ್ನದೆ ಕುಡಿದಿದ್ದರು. ಕುಡಿದದ್ದರಲ್ಲಿ ಈ ಮನೆಯದು ಒಂದು ಹನಿಯೂ ಇರಲಿಲ್ಲವೆಂದು ಅವರಿಗೆ ಆಗ ಹೊಳೆಯಿತು, ನನಗೂ ಹೊಳೆಯಿತು.

"ಅದೇ ಬೇಕು ಕೆಂಚಪ್ಪ," ಅಂದರು.

ವಿಮಲಮ್ಮ ಗುಡಾಣದಿಂದ ಚೊಂಬಿಗೆ ನೀರು ತುಂಬಿ, ಕೊಡಲೋ ಬೇಡವೋ ಎಂಬಂತೆ ಚಾಚಿದರು. ಡಾಕ್ಟರು ಎತ್ತಿ ಹುಯ್ದುಕೊಳ್ಳಲಿಲ್ಲ. ಚೊಂಬಿನ ಅಂಚಿಗೆ ತುಟಿ ಕೊಟ್ಟು ಕುಡಿದರು. ತಣ್ಣೀರು ಹಲ್ಲಿಗೆ ತಾಗಿ ಕಣ್ಣಲ್ಲಿ ನೀರು ಬಂತು. ಹಲ್ಲು ಜುಂ ಅಂತು ಅಷ್ಟೇ, ಅಂದರು. ಚೊಂಬು ಹಿಡಿದ ಆ ಕೈ ಒಂದಿಷ್ಟೂ ನಡುಗುತ್ತಿರಲಿಲ್ಲ.

ನಾನು ಎಂದಿನಂತೆ ಬೈಕಿನ ಪಕ್ಕದಲ್ಲಿದ್ದೆ. ಡಾಕ್ಟರು ನನ್ನನ್ನು ಕರೆಯಲಿಲ್ಲ, ತಿರುಗಿಯೂ ನೋಡಲಿಲ್ಲ. ಒಂಬತ್ತು ವರ್ಷದಲ್ಲಿ ಒಮ್ಮೆಯೂ ಅವರು ನಾನು ಇಲ್ಲಿ ಮಾತ್ರ ಯಾಕೆ ಹೊರಗೆ ನಿಲ್ಲುತ್ತೇನೆಂದು ಕೇಳಿದವರಲ್ಲ. ಪೆಟ್ಟಿಗೆಯನ್ನು ಯಾರೂ ಕದಿಯುವುದಿಲ್ಲವೆಂದು ಅವರಿಗೆ ಗೊತ್ತಿತ್ತು, ಕೆಂಚಪ್ಪನಿಗೂ ಗೊತ್ತಿತ್ತು. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ಪೆಟ್ಟಿಗೆಯನ್ನು ಸೀಟಿನ ಮೇಲೆ ಬಿಟ್ಟು ಅಂಗಳ ದಾಟಿ ಬಂದೆ.

"ನಂಗೂ ಒಂದು ಚೊಂಬು ಕೊಡಮ್ಮ," ಅಂದೆ.

ವಿಮಲಮ್ಮ ಬೇರೆ ಚೊಂಬು ಹುಡುಕಲು ಒಳಗೆ ಹೊರಟರು. ಬೇಡ ಎಂದು ಡಾಕ್ಟರ ಕೈಯಲ್ಲಿದ್ದುದನ್ನೇ ತೆಗೆದುಕೊಂಡೆ. ಅರ್ಧ ನೀರು ಉಳಿದಿತ್ತು, ಅಷ್ಟನ್ನೂ ಕುಡಿದೆ.