ತಿರುಗಿಸಿದ ನೀರು

"ಅತ್ತಿಗೆ, ನೀರು ಬಂತು!"

ತಮ್ಮನ ಹೆಂಡತಿ ಮೇಲಿಂದ ಕೂಗಿದ ರೀತಿಗೆ ಅಕ್ಕನ ಕೈಯಲ್ಲಿದ್ದ ಸುತ್ತಿಗೆ ಜಾರಿಬಿತ್ತು. ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುವ ಅವಳಿಗೆ ಈ ಸುಣ್ಣಕಲ್ಲಿನ ಕಣಿವೆ ಮನೆಯಂಗಳವಿದ್ದ ಹಾಗೆ. ಗುಡ್ಡದಿಂದ ಇಳಿಯುವ ತೊರೆ ದೊಡ್ಡ ಬಂಡೆಯೊಂದರ ಬುಡದ ಬಿಲದೊಳಗೆ ನುಸುಳಿ ಮಾಯವಾಗುತ್ತಿತ್ತು. ಅಲ್ಲಿಂದ ಕೆಳಗೆ ಬರೀ ಒಣಗಿದ ಉರುಟುಗಲ್ಲು. ಆ ಧೈರ್ಯದ ಮೇಲೆಯೇ ತಮ್ಮನನ್ನು ಕೆಳಗಿನ ಗವಿಯೊಳಗೆ ಅಳತೆಗೆಂದು ಇಳಿಸಿದ್ದಳು. ಗುಡ್ಡದಾಚೆ ಮಳೆ ಸುರಿದದ್ದು ಯಾರಿಗೂ ತಿಳಿಯಲಿಲ್ಲ. ಈಗ ಬಿಲ ತುಂಬಿ ಉಕ್ಕಿ, ಕೆಂಪು ನೀರು ಒಣ ಪಾತ್ರದಲ್ಲಿ ಗವಿಯ ಬಾಯಿಯತ್ತ ಹರಿದು ಬರುತ್ತಿತ್ತು.

ಗವಿಯೊಳಗೆ ಬಗ್ಗಿ ಗಂಟಲು ಹರಿಯುವಂತೆ ಕೂಗಿದಳು. ಉತ್ತರವಿಲ್ಲ. ಇದ್ದ ಒಂದೇ ಹಗ್ಗವನ್ನು ಅವನೇ ಸೊಂಟಕ್ಕೆ ಸುತ್ತಿಕೊಂಡು ಒಳಗೆ ಹೋಗಿದ್ದ.

ಇಬ್ಬರೂ ಕಲ್ಲು ಹೊತ್ತು ಅಡ್ಡ ಒಡ್ಡಿದರು. ಇಟ್ಟಷ್ಟೂ ಕೊಚ್ಚಿಹೋಯಿತು. ಉಗುರು ಕಿತ್ತು ರಕ್ತ ಬಂದದ್ದು ಅವರಿಗೆ ಗೊತ್ತೇ ಆಗಲಿಲ್ಲ.

"ಆ ಸೀಳಿಗೆ ತಿರುಗಿಸೋಣ," ಪಕ್ಕದ ಬಂಡೆ ಬಿರಿದಿದ್ದ ಕಡೆ ಕೈ ತೋರಿಸಿದಳು ತಮ್ಮನ ಹೆಂಡತಿ.

"ಅದು ಎಲ್ಲಿಗೆ ಹೋಗುತ್ತೋ ಗೊತ್ತಿಲ್ಲ ಕಣೇ. ಒಳಗೊಳಗೇ ಗವಿ ಸೇರಿಬಿಟ್ರೆ?"

"ನಿಮಗೇ ಗೊತ್ತಿಲ್ಲ ಅಂದ್ರೆ ಇನ್ಯಾರಿಗೆ ಗೊತ್ತಿರುತ್ತೆ ಅತ್ತಿಗೆ? ಗವಿ ಬಾಯಿ ಕಡೆಗೇ ನುಗ್ತಾ ಇದೆ, ನೋಡ್ತಾ ನಿಂತಿರೋಕಾಗುತ್ತಾ? ಏನಾದ್ರೂ ಒಂದು ಹೇಳಿ!"

ಅಕ್ಕ ಒಮ್ಮೆ ನೀರನ್ನೂ ಒಮ್ಮೆ ಸೀಳನ್ನೂ ನೋಡಿದಳು. ಇಷ್ಟು ವರ್ಷ ಓದಿದ್ದರಲ್ಲಿ ಒಂದಕ್ಷರವೂ ನೆನಪಿಗೆ ಬರಲಿಲ್ಲ.

"ತಿರುಗಿಸು."

ಸೀಳಿನ ಮುಂದಿನ ಮಣ್ಣನ್ನು ಕೈಯಿಂದಲೇ ಬಗೆದರು. ನೀರು ತಡವರಿಸಿತು, ಹೊರಳಿತು, ಗಟಗಟನೆ ಒಳಗಿಳಿಯಿತು. ಗವಿಯ ಬಾಯಿ ಒಣಗಿಯೇ ಉಳಿಯಿತು. ತಮ್ಮನ ಹೆಂಡತಿ ಅಳುತ್ತಲೇ ನಕ್ಕಳು.

ಆದರೆ ಅವನು ಬರಲಿಲ್ಲ.

ಸಂಜೆ ರಕ್ಷಣಾ ದಳದವರು ಅವನನ್ನು ಹೊತ್ತು ತಂದು ಮರಳಿನ ಮೇಲೆ ಮಲಗಿಸಿದರು. ಉಸಿರಿರಲಿಲ್ಲ. ದಳದ ಹಿರಿಯನೊಬ್ಬ ಅಕ್ಕನನ್ನು ಪಕ್ಕಕ್ಕೆ ಕರೆದ.

"ಹೊರಗೆ ಬರ್ತಿದ್ರು ಮೇಡಂ. ಇನ್ನೇನು ಬಾಯಿ ಹತ್ತಿರವೇ ಇದ್ರು. ನೀರು ಮೇಲಿಂದ ಬಿದ್ದಿದೆ, ಚಾವಣಿಯ ಬಿರುಕಿಂದ."

ಅಕ್ಕ ಹೋಗಿ ತಮ್ಮನ ತಲೆಯ ಬಳಿ ಕುಳಿತಳು. ಅವನ ಹೆಂಡತಿ ಗಂಡನ ಕೂದಲಲ್ಲಿ ಮೆತ್ತಿದ್ದ ಕೆಸರನ್ನು ಬೆರಳಿನಿಂದ ಬಿಡಿಸುತ್ತಿದ್ದಳು.

"ನಮ್ಮ ಕೈಲಾದ್ದೆಲ್ಲ ಮಾಡಿದ್ವಿ, ಅಲ್ವಾ ಅತ್ತಿಗೆ?"

"ಹೂಂ," ಎಂದಳು ಅಕ್ಕ.

ತೊರೆ ಆಗಲೇ ಮೊದಲಿನಂತೆ ನೆಲದೊಳಗೆ ಇಳಿದುಹೋಗಿತ್ತು. ಉರುಟುಗಲ್ಲುಗಳ ನಡುವೆ ಉಳಿದ ನೊರೆ ಒಂದೊಂದೇ ಗುಳ್ಳೆಯಾಗಿ, ಸದ್ದಿಲ್ಲದೆ ಒಡೆಯುತ್ತಿತ್ತು.