ಒದರಬ್ಯಾಡ, ಬಾಜೂಕ ಕುಂದ್ರು

ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರು ಮೈಗೆ ಖಾರ ಹತ್ತದಿರಲಿ ಎಂದು ಗಂಡಸರ ತುಂಬುತೋಳಿನ ಅಂಗಿ ಹಾಕುತ್ತಾರೆ. ನನ್ನ ತಂಗಿ ಪ್ರಿಯಾಂಕಾ ಮನೆಗೆ ಬಂದರೂ ಅದನ್ನು ತೆಗೆಯುತ್ತಿರಲಿಲ್ಲ. ಖಾರಕ್ಕೆ ಕೈ ಉರಿಯುತ್ತದೆ ಎಂದಳು. ಅವ್ವ ಕೊಬ್ಬರಿ ಎಣ್ಣೆ ಕೊಟ್ಟಳು. ಒಂದು ತಿಂಗಳು ನಾವು ಅದನ್ನೇ ನಂಬಿದೆವು.

ಒಂದು ಸಂಜೆ ಪಾತ್ರೆ ತೊಳೆಯುವಾಗ ಅಂಗಿಯ ತೋಳು ಮೇಲೆ ಸರಿಯಿತು. ಗಾಯಗಳು.

"ಯಾರು ಮಾಡಿದ್ರು?" ಎಂದೆ.

"ನಾನ."

ಹೊಡೆಯಲು ಕೈ ಎತ್ತಿದೆ. ಅವ್ವನ ಬಿಪಿ ಗುಳಿಗೆ ತಂದಿದ್ದ ಆಶಾ ಕಾರ್ಯಕರ್ತೆ ಮಹಮೂದಾಬೇಗಂ ಬಾಗಿಲಲ್ಲಿದ್ದರು.

"ಮಾಲತೇಶ, ಕೈ ಇಳಸು."

"ನಾಟಕ ಮಾಡಾಕತ್ತಾಳ್ರಿ ಇಕಿ."

"ನಾಟಕ ಮಾಡಾಕಿ ಮಂದಿಗೆ ತೋರಸ್ತಾಳ. ಇಕಿ ಮುಚ್ಚಿಟ್ಟಾಳ. ಕುಂದ್ರು."

ಅವ್ವ ಬಾಗಿಲು ಹಾಕಿದಳು. "ಮೊದ್ಲ ಒಂದು ನಿಶ್ಚಯ ಮುರದೈತಿ. ಇದೂ ಗೊತ್ತಾದ್ರ ಯಾರ್ ಬರ್ತಾರವಾ ಹೆಣ್ಣು ಕೇಳಾಕ?"

"ಹೆಣ್ಣು ಮೊದ್ಲ ಆರಾಮಿರ್ಲಿ, ದೇವವ್ವಾ." ಮಹಮೂದಾಬೇಗಂ ಗಾಯ ತೊಳೆದು ಪಟ್ಟಿ ಕಟ್ಟಿದರು. "ಸಾಯಬೇಕು ಅನ್ನಸ್ತೈತೇನವಾ?"

"ಇಲ್ಲದ್ದು ತಲ್ಯಾಗ ತುಂಬಬ್ಯಾಡ್ರಿ," ಎಂದೆ.

"ಕೇಳಿದ್ರ ಹುಟ್ಟೂದಿಲ್ಲಪಾ. ಹೇಳಾಕ ದಾರಿ ಆಗ್ತೈತಿ."

"ಇಲ್ಲಕ್ಕಾ," ಎಂದಳು ಪ್ರಿಯಾಂಕಾ. "ಎದಿ ಬಿಗದು ಬರ್ತೈತಿ. ಆವಾಗ ತಡ್ಯಾಕ ಆಗೂದಿಲ್ಲ."

"ಆ ಹೊತ್ತು ಬಂದಂಗ ಹೋಗ್ತೈತಿ. ಹೋಗೂತನಕ ಒಬ್ಬಾಕಿ ಇರಬ್ಯಾಡ. ಹೊರಗ ಬಾ, ಮಾರಿಗೆ ತಣ್ಣೀರು ಹಾಕ್ಕೋ, ಅಣ್ಣನ್ನ ಕರಿ."

"ಇವನ್ನ? ನನ್ನ ಕಾಲ್ಗುಣದಿಂದ ನಿಶ್ಚಯ ಮುರೀತು ಅಂದಾಂವ ಇವನ."

ನಾನು ಹಾಗೆ ಅಂದಿದ್ದು ಖರೇ.

ಮಹಮೂದಾಬೇಗಂ ನನ್ನ ಫೋನಿನಿಂದ ಮನಸ್ಸಿನ ತೊಂದರೆಗೆಂದೇ ಇರುವ ಸಹಾಯವಾಣಿ 14416ಕ್ಕೆ ಹಚ್ಚಿದರು.

"ಅದು ಹುಚ್ಚರ ನಂಬರಲ್ಲೇನ್ರಿ?"

"ಅಲ್ಲೋ. ಇಕಿ ಮಾತಾಡಿ ಮುಗಸ್ಲಿ, ನಿನ್ನ ಸಿಟ್ಟಿಗೂ ಹಚ್ಚಿ ಕೊಡ್ತೇನಿ."

ಪ್ರಿಯಾಂಕಾ ತುಸು ನಕ್ಕಳು. ಆ ಕಡೆಯವರು ಕನ್ನಡದಲ್ಲೇ ಮಾತಾಡಿದರು. ಮರುದಿನ ಅವ್ವ, ಪ್ರಿಯಾಂಕಾ, ನಾನು ಮೂವರೂ ಹಾವೇರಿ ಜಿಲ್ಲಾ ಆಸ್ಪತ್ರೆಗೆ, ಮನೋವೈದ್ಯರ ಹತ್ತಿರ ಹೋದೆವು. ಹೋಗುತ್ತಲೇ ಇದ್ದೇವೆ.

ಎಂಟು ದಿನ ಕಳೆದಿತ್ತು. ನಾವಿಬ್ಬರೂ ದುಡಿಯುವ ಗೋದಾಮಿನಲ್ಲಿ ಅವಳು ಕೆಲಸ ಬಿಟ್ಟು ನನ್ನ ಹತ್ತಿರ ಬಂದಳು.

"ಅಣ್ಣಾ, ಆ ಹೊತ್ತು ಬಂತು."

ಬೆನ್ನ ಮೇಲಿನ ಚೀಲ ಇಳಿಸಿ ಅವಳ ಪಕ್ಕ ಕುಳಿತೆ. ಮೇಸ್ತ್ರಿ ಬೈದ. ಬೈಯಲಿ. ಅವಳ ಉಸಿರು ತಿಳಿಯಾಗುವ ತನಕ ನಾನು ಏಳಲಿಲ್ಲ.

ಗಾಯ ಕಂಡರೆ ಹೊಡೆಯುವವರೇ, ಕಾಲ್ಗುಣ ಎನ್ನುವವರೇ, ನಿಮಗೇ ಹೇಳುತ್ತಿದ್ದೇನೆ. ಬಾಯಿ ಮುಚ್ಚಿ, ಪಕ್ಕದಲ್ಲಿ ಕುಳಿತುಕೊಳ್ಳಿ. ನೋವು ಮುಚ್ಚಿಟ್ಟುಕೊಂಡ ತಂಗಿಯರೇ, ತಮ್ಮಂದಿರೇ, ಒಬ್ಬರಿಗಾದರೂ ಹೇಳಿ. ಮನೆಯಲ್ಲಿ ಯಾರೂ ಕೇಳದಿದ್ದರೆ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಎತ್ತುತ್ತಾರೆ, ದುಡ್ಡು ಹತ್ತುವುದಿಲ್ಲ. ಜೀವಕ್ಕೇ ಅಪಾಯ ಎನ್ನಿಸಿದರೆ ತಕ್ಷಣ 108. ನಾನು ತಿಂಗಳು ತಡಮಾಡಿದೆ. ನೀವು ಮಾಡಬೇಡಿ.